ಗಾಳ ಕಲಿಸಿದವರು

ಚಿಕ್ಕೇರೂರಿನ ಸುತ್ತಮುತ್ತ ಗಾಳ ಹಾಕುವುದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಮಳೆ ಹಿಂದೆ ಸರಿದು, ಕೆರೆಗೆ ಬಂದ ಕೆಂಪು ನೀರು ತಿಳಿಯಾಗತೊಡಗಿದರೆ ಸಾಕು, ಐದನೇ ಆರನೇ ಇಯತ್ತೆಯ ಹುಡುಗರು ಏರಿಯ ಮೇಲೆ ಹಾಜರು. ಕೈಯಲ್ಲೊಂದು ಬಿದಿರ ಕೋಲು, ಕಿರಾಣಿ ಅಂಗಡಿಯಲ್ಲಿ ಕೊಂಡ ಗಾಳ, ತಂಗೂಸಿ ದಾರ, ಜೋಳದ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಹಸಿ ಮಣ್ಣು, ಅದರೊಳಗೆ ಎರೆಹುಳು. ಹತ್ತು ವರ್ಷದವನಿಗೆ ಹನ್ನೆರಡು ವರ್ಷದವನೇ ಗುರು. ಹನ್ನೆರಡರವನಿಗೆ ಮನೆಯ ಕಾಕಾನೋ, ಕೆರೆ ಕಾಯುವ ಮುದುಕನೋ. ಪಾಠವೆಲ್ಲ ಬೈಗುಳದಲ್ಲೇ: "ಸುಮ್ನ ಕುಂದರಲೇ, ನಿನ್ನ ನೆಳ್ಳು ನೀರಾಗ ಬೀಳಾಕತ್ತೈತಿ." "ಬೆಂಡು ಅಲ್ಲಾಡಿದ ಕೂಡ್ಲೇ ಎಳಿಬ್ಯಾಡ, ಮುಳುಗ್ಲಿ."

ಬೈಗುಳವಾದರೂ ಪಾಠ ಗಟ್ಟಿ. ಬೆಂಡು ಸುಮ್ಮನೆ ನಡುಗುತ್ತಿದ್ದರೆ ಕೆಳಗೆ ಪುಡಿಮೀನುಗಳು ಹುಳ ಕಚ್ಚಿ ಕಚ್ಚಿ ಖಾಲಿ ಮಾಡುತ್ತಿವೆ ಎಂದೇ ತಿಳಿಯಬೇಕು. ಗೆಂಡೆಯದು ಬೇರೆ ರೀತಿ. ಅದು ತಳದಲ್ಲಿ ತಲೆ ಕೆಳಗಾಗಿ ಹುಳ ಎತ್ತಿಕೊಂಡು ಮೇಲೇಳುವುದರಿಂದ ಬೆಂಡು ಮುಳುಗುವುದಿಲ್ಲ, ನೀರಿನ ಮೇಲೆ ಅಡ್ಡ ಮಲಗಿಬಿಡುತ್ತದೆ. ಗೊತ್ತಿಲ್ಲದವನು ಮುಳುಗಲಿ ಎಂದು ಕಾಯುತ್ತ ಕೂತಿರುತ್ತಾನೆ, ಗೆಂಡೆ ಉಗುಳಿ ಹೋಗಿರುತ್ತದೆ. ಕೊರವ ಬಂದರೆ ಇಂಥ ನಾಜೂಕು ಇಲ್ಲವೇ ಇಲ್ಲ, ಬೆಂಡು ಒಂದೇ ಸಲ ಕಾಣೆ. ಏಡಿ ಮಾತ್ರ ಯಾವ ಅವಸರವೂ ಇಲ್ಲದೆ ಬೆಂಡನ್ನು ಪಕ್ಕಕ್ಕೆ ಜರುಗಿಸುತ್ತ ಹೋಗುತ್ತದೆ. ನೀರಿನೊಳಗೆ ಇಣುಕಲಾಗದ ಹುಡುಗನಿಗೆ ಅಲ್ಲಿ ಏನು ನಡೆದಿದೆ ಎಂದು ಹೇಳುವುದು ಈ ಬೆರಳುದ್ದದ ಬೆಂಡೊಂದೇ. ಅದನ್ನು ಓದಲು ಕಲಿತವನು ಮೀನು ಹಿಡಿದ ಹಾಗೆಯೇ.

ಈ ಕಾಕಾಗಳ, ಮುದುಕರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಹೆಸರಾದ ಗುರುಗಳೂ ಇದ್ದಾರೆ. ಅವರಲ್ಲಿ ಮೊದಲಿಗ ಚಕ್ರವರ್ತಿ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಹಾನಗಲ್ಲಿನ ತಾರಕೇಶ್ವರ ಗುಡಿಯನ್ನು ನೋಡಿದವರಿಗೆ ಈ ಸೀಮೆಗೂ ಆ ಮನೆತನಕ್ಕೂ ಇದ್ದ ನಂಟನ್ನು ಬಿಡಿಸಿ ಹೇಳಬೇಕಿಲ್ಲ. ತಂದೆ ಆರನೇ ವಿಕ್ರಮಾದಿತ್ಯನಂತೆ ದೊಡ್ಡ ಯುದ್ಧಗಳ ಕೀರ್ತಿ ಮಗನಿಗೆ ದಕ್ಕಲಿಲ್ಲ. ದಕ್ಕಿದ್ದು ಒಂದು ಗ್ರಂಥದ ಕೀರ್ತಿ. ಸಂಸ್ಕೃತದಲ್ಲಿ ಅವನು ಬರೆದ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ರಾಜನೀತಿ, ಅಡುಗೆ, ಸಂಗೀತ, ಆನೆ, ರತ್ನ, ಚಿತ್ರಕಲೆ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬುದೊಂದು ಅಧ್ಯಾಯ. ವಿಷಯ, ಗಾಳ ಹಾಕಿ ಮೀನು ಹಿಡಿಯುವುದು.

ಭಾರತದ ಮೀನುಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿದ್ವತ್ ಲೋಕದ ಮುಂದಿಟ್ಟರು. ಸುಮಾರು 35 ಬಗೆಯ ಮೀನುಗಳ ಹೆಸರು ಅಲ್ಲಿದೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು ಎಂಬ ವಿಂಗಡಣೆಯಿದೆ. ಕೋಲು ಹೇಗಿರಬೇಕು, ದಾರ ಯಾವ ನಾರಿನದಾಗಬೇಕು, ಗಾಳ ಎಂಥದು ಎಂಬುದೂ ಉಂಟು. ನನಗೆ ಎಲ್ಲಕ್ಕಿಂತ ಹಿಡಿಸುವುದು ಅವನು ಪಾಠ ಶುರುಮಾಡುವ ಬಗೆ. ಮೀನು ಹಿಡಿಯುವ ಮೊದಲು ಮೀನನ್ನು ಸಾಕಬೇಕು, ಯಾವ ಮೀನಿಗೆ ಯಾವ ತಿನಿಸು ಇಷ್ಟವೋ ಅದನ್ನು ಅದರ ಜಾಗಕ್ಕೇ ಒಯ್ದು ಉಣಿಸಿ ರೂಢಿ ಮಾಡಬೇಕು ಎನ್ನುತ್ತಾನೆ. ಹಿಟ್ಟಿನ ಉಂಡೆ ಬಯಸುವ ಮೀನಿಗೆ ಉಂಡೆ, ಮಾಂಸ ಬಯಸುವುದಕ್ಕೆ ಮಾಂಸ.

ಇಂಗ್ಲಿಷರು ಗಾಳದ ವೇದವೆಂದು ಕೊಂಡಾಡುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಚಕ್ರವರ್ತಿ ಅವನಿಗಿಂತ ಐದು ಶತಮಾನ ಹಿರಿಯ. ಆದರೆ ಅರಮನೆಯ ಮನುಷ್ಯನಿಗೆ ಯಾವ ಮಡುವಿನಲ್ಲಿ ಯಾವ ಮೀನು ಏನು ತಿನ್ನುತ್ತದೆಂದು ಹೇಳಿದವರು ಯಾರು? ಗ್ರಂಥಗಳಲ್ಲಿ ಹುಡುಕಿ ಸಿಗುವ ಸಂಗತಿ ಇದಲ್ಲ. ಹೊಳೆಯಲ್ಲೇ ಹುಟ್ಟಿ ಬೆಳೆದ ಅಂಬಿಗರೋ ಬೆಸ್ತರೋ ಪಕ್ಕದಲ್ಲಿ ನಿಂತು ಹೇಳಿರಲೇಬೇಕು ಎಂಬುದು ನನ್ನ ಊಹೆ. ಅದೇ ಶತಮಾನದಲ್ಲಿ, ಇದೇ ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸಿಕೊಂಡು ಯಾರ ಮುಲಾಜಿಗೂ ಬೀಳದೆ ವಚನ ಹೇಳಿದ. ಚೌಡಯ್ಯದಾನಪುರ ಇವತ್ತಿಗೂ ಅವನ ಹೆಸರಿನಲ್ಲೇ ಇದೆ. ಅವನಂತೆ ಬಾಯಿ ಬಿಟ್ಟು ಹೇಳಿ ಉಳಿದವರು ಕಡಿಮೆ. ಉಳಿದ ಅಂಬಿಗರ ತಿಳಿವಳಿಕೆ ಬೇರೆಯವರ ಗ್ರಂಥದೊಳಗೆ ಸೇರಿಹೋಯಿತು.

ಏಳು ಶತಮಾನದ ನಂತರ ಮಂಗಳೂರಿನಲ್ಲಿ ಗಾಳದ ಇನ್ನೊಂದು ಗ್ರಂಥ ಹುಟ್ಟಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್‌ಗೆ ಹೊಳೆಯ ಮೀನುಗಳ ಹುಚ್ಚು. 1873ರಲ್ಲಿ ಅವನು 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ತಂದ. ಅಚ್ಚಾದದ್ದು ಮಂಗಳೂರಿನಲ್ಲೇ, ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ. ಭಾರತದ ಗಾಳಗಾರಿಕೆಯ ಮೊದಲ ಪ್ರಸಿದ್ಧ ಇಂಗ್ಲಿಷ್ ಪುಸ್ತಕ ಹೊರಬಿದ್ದದ್ದು ಹೀಗೆ ನಮ್ಮ ಕರಾವಳಿಯಿಂದ. 1887ರಲ್ಲಿ ಅವನು ಇನ್ನೊಂದು ಪುಸ್ತಕ ಬರೆದ, 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ'. ಬರೀ ಕೆರೆಯ ಗಾಳದ ಬಗ್ಗೆಯೇ ಒಂದು ಪುಸ್ತಕ! ದೊಡ್ಡ ಹೊಳೆಗಳು ಎಟುಕದ ಊರುಗಳಲ್ಲಿ ಬಿದ್ದಿರುವವರು ಕೆರೆಯ ಮೀನನ್ನು ಹಗುರಾಗಿ ಕಾಣಬಾರದು ಎಂಬುದು ಅವನ ವಾದ. ಮದಗ ಮಾಸೂರಿನ ಕೆರೆಯಿಂದ ಹಿಡಿದು ಊರಿಗೊಂದರಂತೆ ಕೆರೆ ಕಟ್ಟಿಕೊಂಡು ಬದುಕಿದ ಹಿರೇಕೆರೂರು ಸೀಮೆಯವರಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಇನ್ನು ಚಾಂಪಿಯನ್ನರ ಮಾತು. ಹೊಳೆಯ ದೊಡ್ಡ ಮೀನು ಮಹಶೀರ್; ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲೆಲ್ಲ ಅತಿ ದೊಡ್ಡದು ಎಂದು ಹೆಸರಾದ ಮೀನು ಸಿಕ್ಕಿದ್ದು ಕರ್ನಾಟಕದಲ್ಲಿ. 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮೀನನ್ನು ದಡಕ್ಕೆ ತಂದರು. ಅಂದರೆ 54 ಕಿಲೋ, ಒಬ್ಬ ಪ್ರಾಯದ ಹುಡುಗನ ತೂಕ. ಮೈಸೂರಿನಲ್ಲಿ ರಾಜಮಹಾರಾಜರು ಹೊಡೆದ ಹುಲಿಗಳ ಚರ್ಮಕ್ಕೆ ಜೀವಕಳೆ ಕೊಟ್ಟು ನಿಲ್ಲಿಸುತ್ತಿದ್ದ ಪ್ರಸಿದ್ಧ ವ್ಯಾನ್ ಇಂಗೆನ್ ಮನೆಯವರೇ ಅವರು. ಅದಕ್ಕೂ ಮೊದಲು 1919ರಲ್ಲಿ ಕಾವೇರಿಯಲ್ಲಿ ಮೇಜರ್ ರಿವೆಟ್ ಕಾರ್ನಾಕ್‌ಗೆ 119 ಪೌಂಡಿನದು ಸಿಕ್ಕಿತ್ತು. ಆಮೇಲೆ ಕೆಲವು ದಶಕ ಹೊರಗಿನವರು ಈ ಮೀನನ್ನು ಮರೆತೇಬಿಟ್ಟರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಮೂವರು ಯುವಕರು ಹುಡುಕಿಕೊಂಡು ಬಂದು, ಕಾವೇರಿಯಲ್ಲಿ ದೊಡ್ಡ ಮೀನು ಇನ್ನೂ ಇದೆ ಎಂದು ತೋರಿಸಿದರು. ಅವರಲ್ಲೊಬ್ಬರಾದ ರಾಬರ್ಟ್ ಹೋವಿಟ್ 1984ರಲ್ಲಿ ಹಿಡಿದ 95 ಪೌಂಡಿನ ಮೀನು ಅಂತರರಾಷ್ಟ್ರೀಯ ಗಾಳಗಾರರ ಸಂಘಟನೆಯ ದಾಖಲೆಗೆ ಸೇರಿತು.

ಈ ದಾಖಲೆಗಳಲ್ಲಿ ಕೋಲು ಹಿಡಿದವರ ಹೆಸರಿದೆ, ಹರಿಗೋಲು ನಡೆಸಿದವರ ಹೆಸರಿಲ್ಲ. ಕಾವೇರಿಯಲ್ಲಿ ಮಹಶೀರ್ ಹಿಡಿಯುವುದೆಂದರೆ ಒಬ್ಬನ ಕೆಲಸವಲ್ಲ. ಬಂಡೆಗಳ ನಡುವೆ ಯಾವ ಸೆಳವಿನಲ್ಲಿ ಅವರು 'ಬಿಳಿಮೀನು' ಎನ್ನುವ ಈ ಮಹಶೀರ್ ನಿಲ್ಲುತ್ತದೆ, ಗಾಳಕ್ಕೆ ಬಿದ್ದ ಮೀನು ಹೊಳೆ ಇಳಿದು ಓಡಿದಾಗ ಹರಿಗೋಲನ್ನು ಯಾವ ಕಡೆಯಿಂದ ಬಿಡಬೇಕು, ಬಂಡೆಗೆ ಸಿಕ್ಕಿಕೊಂಡ ದಾರವನ್ನು ಕಡಿಯದೆ ಹೇಗೆ ಬಿಡಿಸಬೇಕು, ಇವೆಲ್ಲ ಊರಿನವರ ವಿದ್ಯೆ. ಗಾಳಕ್ಕೆ ಸಿಗಿಸುತ್ತಿದ್ದದ್ದೂ ನಮ್ಮದೇ ರಾಗಿಮುದ್ದೆ! ರಾಗಿಹಿಟ್ಟನ್ನು ಬೇಯಿಸಿ, ನಾದಿ, ಸೆಳವಿಗೂ ಪುಡಿಮೀನಿಗೂ ಕರಗದಷ್ಟು ಗಟ್ಟಿಯಾಗಿ ಉಂಡೆ ಕಟ್ಟುವುದರಲ್ಲಿ ಒಬ್ಬೊಬ್ಬನ ಕೈಗುಣ ಒಂದೊಂದು. ಲಂಡನ್ನಿನಿಂದ ಬಂದ ದೊರೆಗೂ ಬೆಂಗಳೂರಿನಿಂದ ಬಂದ ಸಾಹುಕಾರನಿಗೂ ಮುದ್ದೆ ಕಟ್ಟಲು ಕಲಿಸಿದವರು ಇವರು.

ಹೀಗೆ ಕಲಿಸಿದವರಲ್ಲಿ ಪುಸ್ತಕದ ಮುಖಪುಟಕ್ಕೇ ಹೆಸರು ಬಂದವನು ಸುಭಾನ್. ಕ್ರಿಕೆಟ್ ಆಡಿ, 1978ರಲ್ಲಿ ವೆಸ್ಟ್ ಇಂಡೀಸ್ ತಂಡದ ಎದುರು ಶತಕ ಹೊಡೆದು, ಅನಾರೋಗ್ಯದಿಂದ ಆಟ ಬಿಟ್ಟು ಬಂಡೀಪುರದ ಕಡೆ ಬಂದು ನೆಲೆಸಿದ ಸಾದ್ ಬಿನ್ ಜಂಗ್ 2012ರಲ್ಲಿ 'ಸುಭಾನ್ ಅಂಡ್ ಐ' ಎಂಬ ಪುಸ್ತಕ ತಂದರು. ನವಾಬರ ಮನೆತನದವರು, ಕ್ರಿಕೆಟಿಗ ಪಟೌಡಿಯ ಸೋದರಳಿಯ, ತಮ್ಮ ಕಾವೇರಿ ಸಾಹಸಗಳ ಪುಸ್ತಕಕ್ಕೆ ಗಾಳದ ಗುರುವಿನ ಹೆಸರಿಟ್ಟರು, ಅದೂ ತಮ್ಮ ಹೆಸರಿಗಿಂತ ಮೊದಲು. ಅವನನ್ನು ಅವರು ಕರೆಯುವುದು ಭಾರತದ ಗಾಳಗಾರಿಕೆಯ ದಂತಕತೆ ಎಂದು. ಚಕ್ರವರ್ತಿ ಸೋಮೇಶ್ವರ ಬಾಕಿ ಉಳಿಸಿಕೊಂಡಿದ್ದ ಋಣವನ್ನು ಈ ನವಾಬ ತೀರಿಸಿದರು ಎಂದರೆ ತಪ್ಪಲ್ಲ.

ಸುಭಾನ್‌ನ ಕಾಲದ ಕಾವೇರಿ ದಂಡೆಯಲ್ಲಿ ಇನ್ನೊಂದು ದೊಡ್ಡ ಪಾಠವೂ ನಡೆಯಿತು. ಆಗ ಹೊಳೆಯನ್ನು ಹಾಳುಮಾಡುತ್ತಿದ್ದದ್ದು ಸಿಡಿಮದ್ದು. ಮಡುವಿಗೆ ಮದ್ದು ಎಸೆದರೆ ದೊಡ್ಡದು, ಮರಿ, ಮೊಟ್ಟೆ ಎಲ್ಲ ಒಂದೇ ಏಟಿಗೆ ಸತ್ತು ತೇಲುತ್ತಿದ್ದವು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಬಿಡಾರ ನಡೆಸಿತು. ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರನ್ನೇ ಕರೆದು ಕಾವಲಿಗೆ, ಮಾರ್ಗದರ್ಶನಕ್ಕೆ ಇಟ್ಟುಕೊಂಡರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತ ನೀರಿಗೆ ಬಿಡುವುದು ನಿಯಮ. ಸತ್ತ ಮೀನಿಗೆ ಒಂದೇ ಸಲ ದುಡ್ಡು, ಬದುಕಿದ ಮೀನಿನಿಂದ ವರ್ಷವರ್ಷವೂ ಕೂಲಿ ಎಂಬ ಲೆಕ್ಕ ಊರಿನವರಿಗೆ ಬೇಗ ತಿಳಿಯಿತು. ಯಾವ ಭಾಷಣವೂ ಮಾಡಲಾಗದ ಕೆಲಸ ಅದು.

ಆ ಬರೆದುಕೊಂಡ ಪುಸ್ತಕಗಳು ಏನಾದವು ಗೊತ್ತೆ? ಗಾಳಿಬೋರೆ ಬಿಡಾರದ 1998ರಿಂದ 2012ರವರೆಗಿನ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಗಾರ ವಿಜ್ಞಾನಿಯೊಬ್ಬರು ಕೂತು ಲೆಕ್ಕ ಹಾಕಿದರು. 23,620 ಗಂಟೆಗಳ ಗಾಳ, 6,161 ಮಹಶೀರ್, ಅತಿ ದೊಡ್ಡದು 46.8 ಕಿಲೋ. ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿ, ಕಾವೇರಿಯದೇ ಆದ ಬೆನ್ನುಬ್ಬಿನ ಮಹಶೀರ್ ಕರಗುತ್ತಾ ಬಂದದ್ದು ಆ ಪುಟಗಳಿಂದಲೇ ಬೆಳಕಿಗೆ ಬಂತು. ನೀಲಿ ರೆಕ್ಕೆಯದು ಲೋನಾವಳಾದ ಮರಿ ಸಾಕಣೆ ಕೇಂದ್ರದಿಂದ ಬಂದು ಹೊಳೆ ಸೇರಿದ್ದು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟದ್ದು, ಅನುಮಾನವಿಲ್ಲ. ಬೆನ್ನುಬ್ಬಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ನಿಕ್ಕಿಯಾಗಿರಲಿಲ್ಲ. 2018ರಲ್ಲಿ ಅದನ್ನು 'ಟೋರ್ ರೆಮಾದೇವಿ' ಎಂದು ಗುರುತಿಸಲಾಯಿತು, ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿತು. ಗಾಳಗಾರರ ದಿನಚರಿ ಇರದಿದ್ದರೆ ಇಷ್ಟು ದೊಡ್ಡ ಮೀನು ಹೇಳದೆ ಕೇಳದೆ ಹೋಗಿಬಿಡುತ್ತಿತ್ತು.

2012ರ ಹೊತ್ತಿಗೆ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತಿತು. ವನ್ಯಜೀವಿ ಕಾಯ್ದೆಯ ಪ್ರಕಾರ ರಕ್ಷಿತ ಪ್ರದೇಶದಲ್ಲಿ ಇದೂ ಬೇಟೆಯೇ ಎಂಬ ವ್ಯಾಖ್ಯಾನ. ಮೀನು ಕೂಡ ಜೀವವೇ ತಾನೆ, ಆಟಕ್ಕೆಂದು ಅದರ ಬಾಯಿಗೆ ಕೊಕ್ಕೆ ಸಿಗಿಸುವುದು ಏನು ನ್ಯಾಯ ಎಂದು ಕೇಳುವವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎರಚಿ ಮೀನನ್ನು ಕಾಪಾಡಿಕೊಂಡು ಬಂದಿರುವ ದಾರಿಯೂ ನಮ್ಮದೇ. ಆದರೆ ಗಾಳ ನಿಂತ ಮೇಲೆ ಹೊಳೆಯ ದಂಡೆಯಲ್ಲಿ ಹಗಲಿಡೀ ಕೂತಿರುತ್ತಿದ್ದ ಕಣ್ಣುಗಳೂ ಕಡಿಮೆಯಾದವು ಎಂಬ ಗಾಳಗಾರರ ದೂರನ್ನು ತಳ್ಳಿಹಾಕುವುದು ಕಷ್ಟ.

ಹೆಣ್ಣುಮಕ್ಕಳ ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮ ಕೆರೆ ಏರಿಗಳ ಮೇಲೆ ಗಾಳ ಹಿಡಿದ ಹುಡುಗಿಯನ್ನು ಕಾಣುವುದೇ ಅಪರೂಪ. ಬಟ್ಟೆ ಒಗೆಯಲು ಬಂದವಳು ಅಣ್ಣನ ಮೀನಿನ ಚೀಲ ಹಿಡಿದು ನಿಂತಿರುತ್ತಾಳೆ. ಅಮೆರಿಕದಲ್ಲೂ ಇದೇ ಕತೆ. ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ಜೋನ್ ಎಂಬ ಹುಡುಗಿಯ ಅಪ್ಪ ಗಾಳ ಬೀಸಲು ತಮ್ಮನನ್ನು ಮಾತ್ರ ಕರೆದೊಯ್ಯುತ್ತಿದ್ದ. ಒಂದು ದಿನ ಅವಳೇ ಅಪ್ಪನ ಕೋಲು ತೆಗೆದುಕೊಂಡು ಬೀಸಿದಳು. ಕೋಲಿನ ತುದಿ ಕಳಚಿ ಕೊಳಕ್ಕೆ ಬಿತ್ತು. ಅಪ್ಪ ಬೈಯುವ ಬದಲು ಅವಳನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದ. ಆಗ ಅವಳಿಗೆ ಹತ್ತು ವರ್ಷ. ಮುಂದೆ ಅವಳು 17 ರಾಷ್ಟ್ರೀಯ ಪ್ರಶಸ್ತಿ ಗೆದ್ದಳು. 1951ರಲ್ಲಿ ದೂರ ಬೀಸುವ ಸ್ಪರ್ಧೆಯಲ್ಲಿ ಎದುರಿಗಿದ್ದವರೆಲ್ಲ ಗಂಡಸರು, ಗೆದ್ದವಳು ಇವಳು. ಹೊಟ್ಟೆಪಾಡಿಗೆ ನೃತ್ಯ ಹೇಳಿಕೊಡುತ್ತಿದ್ದವಳು, ಮೈ ತೂಗುವ ಆ ಲಯವನ್ನೇ ಗಾಳಕ್ಕೂ ತಂದಳು. ಜೋನ್ ವುಲ್ಫ್ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತಳಾಗಿ, 1970ರ ದಶಕದ ಕೊನೆಗೆ ಗಂಡನೊಂದಿಗೆ ಗಾಳದ ಶಾಲೆಯನ್ನೇ ತೆರೆದಳು. ಆ ಅಪ್ಪ ಅಂದು ಕಿವಿ ಹಿಂಡಿ ಮನೆಗೆ ಕಳಿಸಿದ್ದರೆ ಇಷ್ಟೂ ಇಲ್ಲ.

ಈಗ ನಮ್ಮ ಕೆರೆಗೆ ಬರೋಣ. ಕೆರೆಗಳು ಹರಾಜಿಗೋ ಗುತ್ತಿಗೆಗೋ ಹೋಗಿವೆ. ಕಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟು ದುಡ್ಡು ಹಾಕಿದವನಿಗೆ ಗಾಳ ಹಿಡಿದ ಹುಡುಗ ಕಳ್ಳನಂತೆಯೇ ಕಾಣುತ್ತಾನೆ. ಅವನದೂ ತಪ್ಪಲ್ಲ. ಹುಡುಗರು ಓಡಿಸಿಕೊಂಡು ಹೊಲದ ಕೃಷಿಹೊಂಡಕ್ಕೆ ಹೋಗುತ್ತಾರೆ. ಪ್ಲಾಸ್ಟಿಕ್ ಹಾಸಿದ ಹೊಂಡ, ಕಾಲು ಜಾರಿದರೆ ಹಿಡಿದು ಮೇಲೆ ಹತ್ತಲು ಒಂದು ಬೇರೂ ಸಿಗದು. ಬೇಸಿಗೆಯಲ್ಲಿ ಹೀಗೆ ಮಕ್ಕಳು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹಿರಿಯರು ಪಕ್ಕದಲ್ಲಿಲ್ಲದ ಕಲಿಕೆಗೆ ತೆರುವ ಬೆಲೆ ಇದು.

ಇನ್ನೊಂದು ನಷ್ಟವೂ ಉಂಟು, ಅದು ಸದ್ದಿಲ್ಲದ್ದು. ಮುಂಗಾರಿನ ಮೊದಲ ನೀರಿಗೆ ಹಳ್ಳ ಏರಿ ಗದ್ದೆಗೆ ಬರುವ ಹತ್ತುಮೀನುಗಳ ಹೊಟ್ಟೆಯ ತುಂಬ ತತ್ತಿ ಇರುತ್ತದೆ. ಕತ್ತಿ, ಬಡಿಗೆ ಹಿಡಿದು ಅವನ್ನು ಬಡಿಯುವುದನ್ನು ನೋಡಿ ಬೆಳೆದ ಹುಡುಗನಿಗೆ ಅದೇ ಪಾಠ. ಕೊರವದ ಮರಿಗಳು ಕೆಂಪು ಗುಂಪಾಗಿ ಮೇಲೆ ತೇಲುತ್ತಿರುವಾಗ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಕಪ್ಪೆ ಸಿಗಿಸಿದ ಗಾಳವನ್ನು ಆ ಗುಂಪಿನ ಮೇಲೆ ಎಳೆದರೆ ಸಿಟ್ಟಿಗೆ ಕಚ್ಚುತ್ತವೆ, ಸುಲಭವಾಗಿ ಸಿಗುತ್ತವೆ. ಸಿಕ್ಕಿದ ಮೇಲೆ ಮರಿಗಳು ಇತರ ಮೀನಿಗೆ ತುತ್ತು. "ಮರಿ ಇದ್ದಲ್ಲಿ ಗಾಳ ಹಾಕಬ್ಯಾಡ" ಎಂದು ಹೇಳುವ ಮುದುಕ ಒಬ್ಬನಿದ್ದರೆ ಮುಂದಿನ ವರ್ಷಕ್ಕೂ ಕೊರವ ಉಳಿಯುತ್ತದೆ. ಪಕ್ಕದ ಶಿಕಾರಿಪುರ, ಸೊರಬದ ಕಡೆ ಕೂಣಿ ಹಿಡಿದು ಊರಿಗೆ ಊರೇ ಇಳಿಯುವ ಕೆರೆಬೇಟೆಯಲ್ಲೂ ಹೀಗೆ ಹಿರಿಯರ ಮಾತೇ ಕಟ್ಟಳೆ. ಹೊತ್ತು ಗೊತ್ತು ಮಾಡಿ, ಎಲ್ಲರೂ ಒಂದೇ ಸಲ ಇಳಿಯುವ ರೂಢಿ ಸುಮ್ಮನೆ ಬಂದದ್ದಲ್ಲ.

ಗ್ರಾಮ ಪಂಚಾಯ್ತಿಗಳಿಗೂ ಮೀನುಗಾರಿಕೆ ಇಲಾಖೆಗೂ ಒಂದು ಮನವಿ. ಕೆರೆಯ ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಏರಿಯ ಆಳವಿಲ್ಲದ ಒಂದು ಮೂಲೆ, ತಿಂಗಳಿಗೊಂದು ಭಾನುವಾರ, ಊರಿನ ಮಕ್ಕಳ ಗಾಳಕ್ಕೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ. ಈಜು ಬಂದವರಿಗಷ್ಟೇ ಕೋಲು, ಬಾರದವರಿಗೆ ಮೊದಲು ಈಜು. ಮುಂಗಾರಿನ ತತ್ತಿಯ ತಿಂಗಳುಗಳಲ್ಲಿ ರಜೆ. ಗೆಂಡೆಯ ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು ನೀರಿಗೆ ಬಿಡಲಿ. ಎಲ್ಲೆಂದರಲ್ಲಿ ಹಬ್ಬಿರುವ ಜಿಲೇಬಿ ಮೀನು ಸಿಕ್ಕರೆ ಮನೆಗೆ ಒಯ್ದು ಸಾರು ಮಾಡಿಸಿಕೊಳ್ಳಲಿ, ಅದಕ್ಕೆ ಕನಿಕರ ಬೇಕಿಲ್ಲ. ಶಾಲೆಯ ಮೇಷ್ಟ್ರೊಬ್ಬರು ಸಿಕ್ಕ ಮೀನಿನ ಹೆಸರು, ಉದ್ದ, ತಾರೀಖು ಬರೆಸಲಿ. ಹದಿನೈದು ವರ್ಷ ಬರೆದರೆ ಅದೂ ಗಾಳಿಬೋರೆಯ ಪುಸ್ತಕದಂತೆ ಯಾರಿಗಾದರೂ ಬೇಕಾಗುತ್ತದೆ. ಕಲಿಸಲು ದೂರದಿಂದ ಯಾರನ್ನೂ ಕರೆಸಬೇಕಾಗಿಲ್ಲ. ಅಂಬಿಗರ ಓಣಿಯಲ್ಲಿ ಕೇಳಿದರೆ ಸಾಕು. ಬಂದವರಿಗೆ ದಿನದ ಕೂಲಿ ಕೊಡಿ, ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರು ಬರೆಯಿರಿ.